ಬಿಸಿಲನಾಡಿನ ಚಿತ್ರಗಳಲ್ಲಿ ಬಿಸಿಲೆಲ್ಲಿ?

ಕಳೆದ ವಾರ ಪಿಸ್ಸಾರೋನ ಚಿತ್ರಗಳನ್ನು ನೋಡುತ್ತಾ ಕೂತಿದ್ದೆ. ಪ್ಯಾರಿಸ್ ಹತ್ತಿರದ ಪೊಂತ್ವಾಜ್ ಸುತ್ತಲಿನ ಹಳ್ಳಿಗಳು, ಹೊಲದಲ್ಲಿ ಬಗ್ಗಿದ ಹೆಂಗಸರು, ದಾರಿಯ ಮೇಲೆ ಬಿದ್ದ ಬಿಸಿಲು. ನೋಡ್ತಾ ನೋಡ್ತಾ ಶಹಾಪುರದ ನಮ್ಮಜ್ಜಿಯ ಮಾಳಿಗೆ ನೆನಪಾಯಿತು. ಮೆಣಸಿನಕಾಯಿ ಒಣಹಾಕಿ, ತಲೆ ಮೇಲೆ ಸೆರಗು ಎಳೆದುಕೊಂಡು ಕಾಯುತ್ತಿದ್ದ ಅಜ್ಜಿ. "ಈ ಬಿಸಲಾಗ ಎಲ್ಲಿ ಹೊಂಟಿಯಪ್ಪ" ಅನ್ನುತ್ತಿದ್ದಳು. ಬಿಸಿಲು ಅಂದ್ರೆ ನಮ್ಮದು ಸ್ವಾಮಿ! ಹಾಗಾದರೆ ನಮ್ಮ ಕಡೆಯ ಹಳೆಯ ಚಿತ್ರಗಳಲ್ಲಿ ಅದು ಯಾಕಿಲ್ಲ?

ಚಿತ್ರಕಾರರು ಇರಲಿಲ್ಲ ಅಂತಲ್ಲ. ಸುರಪುರದ ನಾಯಕ ಅರಸರ ಆಶ್ರಯದಲ್ಲಿ ಗರುಡಾದ್ರಿ ಮನೆತನದವರು ಬೆಳೆಸಿದ ಶೈಲಿಗೆ ಸುರಪುರ ಚಿತ್ರಕಲೆ ಅಂತಲೇ ಹೆಸರು. ಹೆಚ್ಚಾಗಿ ದೇವರು, ಅರಸರು, ದರ್ಬಾರು. ಒಡವೆಗಳಿಗೆ ಬಂಗಾರದ ಮೆರುಗು. ನೆಲದ ಮೇಲೆ ಬಿದ್ದ ನೆರಳು ಸಿಗುವುದು ಕಷ್ಟ. ಕಾರಣ ಕೈಚಳಕದ ಕೊರತೆಯಲ್ಲ. ದೇವರಿಗೆ ಬೆಳಿಗ್ಗೆ, ಮಧ್ಯಾಹ್ನ ಅಂತ ಇಲ್ಲವಲ್ಲ. ಅಲ್ಲಿ ಬೆಳಕು ಬರುವುದು ಬಂಗಾರದಿಂದ. ಮೇಲಾಗಿ ದುಡ್ಡು ಕೊಡುತ್ತಿದ್ದವನು ಅರಸ, ಮೆಣಸಿನಕಾಯಿ ಕಾಯುವ ಮುದುಕಿಯಲ್ಲ.

ಒಂದು ಸೋಜಿಗ ನೋಡಿ. ಅಮೆರಿಕದ ಜಾನ್ ಗಾಫ್ ರ‍್ಯಾಂಡ್ ಎಂಬ ಚಿತ್ರಕಾರ ಬಣ್ಣ ತುಂಬಿಡುವ ತವರದ ಟ್ಯೂಬಿಗೆ ಪೇಟೆಂಟ್ ಪಡೆದದ್ದು 1841ರಲ್ಲಿ. ಅದೇ ವರ್ಷ ಮೆಡೋಸ್ ಟೇಲರ್ ಸುರಪುರಕ್ಕೆ ಬಂದ. ಟ್ಯೂಬಿನಿಂದಾಗಿ ಎಣ್ಣೆಬಣ್ಣ ಹೊತ್ತು ಹೊಲಕ್ಕೆ ಹೋಗುವುದು ಸುಲಭವಾಯಿತು, ಮುಂದೆ ಇಂಪ್ರೆಷನಿಸ್ಟರು ಬಯಲಿಗೆ ಬಂದರು. ಟೇಲರ್ ಕೂಡ ಚಿತ್ರ ಬರೆಯುತ್ತಿದ್ದವನೇ. ದಖ್ಖನಿನ ಅವನ ರೇಖಾಚಿತ್ರಗಳು 1837ರಲ್ಲೇ ಲಂಡನ್ನಿನಲ್ಲಿ ಅಚ್ಚಾಗಿದ್ದವು. ಎಳೆಯ ಅರಸ ವೆಂಕಟಪ್ಪ ನಾಯಕ ಅವನನ್ನು 'ಅಪ್ಪಾ' ಅನ್ನುತ್ತಿದ್ದ. 1853ರಲ್ಲಿ ಟೇಲರ್ ಹೊರಟ. 1858ರಲ್ಲಿ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಎದ್ದು, ಸೆರೆಯಾಗಿ, ಅದೇ ವರ್ಷ ಗುಂಡೇಟಿನಿಂದ ತೀರಿಕೊಂಡ. 1860ರಲ್ಲಿ ಸಂಸ್ಥಾನ ನಿಜಾಮನ ಪಾಲಾಯಿತು. 1874ರಲ್ಲಿ ಮೋನೆ, ಪಿಸ್ಸಾರೋ ಮತ್ತು ಗೆಳೆಯರು ಪ್ಯಾರಿಸ್ಸಿನಲ್ಲಿ ತಮ್ಮ ಮೊದಲ ಪ್ರದರ್ಶನ ಇಡುವ ಹೊತ್ತಿಗೆ ಸುರಪುರದ ಕುಂಚಕ್ಕೆ ಅರಸನ ಆಸರೆಯೇ ಉಳಿದಿರಲಿಲ್ಲ.

ಅಜ್ಜಿಯದ್ದು ಅಂತ ನಮ್ಮಲ್ಲಿರುವುದು ಒಂದೇ ಫೋಟೋ. ಸ್ಟುಡಿಯೋದಲ್ಲಿ, ಪರದೆಯ ಮುಂದೆ, ಇದ್ದಬದ್ದ ಒಡವೆಯೆಲ್ಲ ಹಾಕಿಕೊಂಡು ಸೆಟೆದು ಕೂತದ್ದು. ಇದು ನಮ್ಮಜ್ಜಿಯೇ ಅಲ್ಲ ಅಂತ ಮೊದಲೆಲ್ಲ ಬೇಜಾರಾಗುತ್ತಿತ್ತು. ಸುರಪುರದ ಚಿತ್ರಗಳನ್ನು ನೋಡಿದ ಮೇಲೆ ಅನ್ನಿಸಿತು, ಆ ಅರಸರ ಹಾಗೆ ಅವಳೂ ತಾನು ಹೇಗೆ ಉಳಿಯಬೇಕು ಅಂತ ತಾನೇ ಆರಿಸಿಕೊಂಡಿದ್ದಳು. ಮಾಳಿಗೆಯ ಬಿಸಿಲು ಅವಳಿಗೆ ದುಡಿಮೆ. ಅದು ಚಿತ್ರವಾಗಿ ಕಾಣುವುದು ನೆರಳಲ್ಲಿ ಕೂತ ನನಗೆ ಮಾತ್ರ.

ಆದರೂ ಮುಂದಿನ ಸಲ ಊರಿಗೆ ಹೋದಾಗ ಮಟಮಟ ಮಧ್ಯಾಹ್ನ ಆ ಮಾಳಿಗೆಯದ್ದೊಂದು ಫೋಟೋ ತೆಗೆಯಬೇಕು. ನಿಮ್ಮ ಮನೆಯಲ್ಲಿ ಅಜ್ಜಿಯರು ಬಿಸಿಲಲ್ಲಿ ಕೂತ ಫೋಟೋ ಏನಾದರೂ ಇದ್ದರೆ, ಜೋಪಾನವಾಗಿಡಿ.