ಕಾಲಾಳು ಕೊಡುವುದು, ಕಾಲು ಕೊಡುವುದು

ಇಟಾಲಿಯನ್ ಭಾಷೆಯಲ್ಲಿ ‘ಗಾಂಬಾ’ ಎಂದರೆ ಕಾಲು. ಅದರಿಂದ ಬಂದ ‘ಗಾಂಬೆಟ್ಟೊ’ ಎಂದರೆ ಕಾಲಿಗೆ ಕಾಲು ಕೊಟ್ಟು ಕೆಡಹುವುದು. ಸ್ಪೇನಿನ ಪಾದ್ರಿ ರುಯ್ ಲೋಪೆಸ್ 1561ರಲ್ಲಿ ಪ್ರಕಟಿಸಿದ ಪುಸ್ತಕದ ಮೂಲಕ ಈ ಪದ ಚೆಸ್ ಪರಿಭಾಷೆಗೆ ಸೇರಿತು. ಮುಂದಿನ ಶತಮಾನದಲ್ಲಿ ಇಂಗ್ಲಿಷಿಗೆ ಹೋಯಿತು, ಬಹುಕಾಲದ ಮೇಲೆ ‘ಗ್ಯಾಂಬಿಟ್’ ಆಗಿ ನಮ್ಮ ಕ್ರೀಡಾ ಪುಟಗಳಿಗೂ ಬಂತು. ಅಷ್ಟರಲ್ಲಿ ಅರ್ಥವೇ ತಿರುಗಿತ್ತು. ಆಟದ ಆರಂಭದಲ್ಲಿ ಒಂದು ಕಾಲಾಳನ್ನು ಬೇಕೆಂದೇ ಬಿಟ್ಟುಕೊಟ್ಟು, ಬದಲಿಗೆ ವೇಗವನ್ನೋ ಜಾಗವನ್ನೋ ದಾಳಿಯನ್ನೋ ಪಡೆಯುವುದು ಗ್ಯಾಂಬಿಟ್ ಎಂದು ಇಂದಿನ ಚೆಸ್ ತರಗತಿಗಳಲ್ಲಿ ಕಲಿಸುತ್ತಾರೆ. ಕೆಡಹುವ ಪದ ಕೊಡುವ ಪದವಾಯಿತು. ಕನ್ನಡದಲ್ಲಿ ಹೇಳುವುದಾದರೆ, ಕಾಲು ಕೊಡುವುದು ಹೋಗಿ ಕಾಲಾಳು ಕೊಡುವುದಾಯಿತು. ಅಂತರ್ಜಾಲದ ಮೂರು ನಿಮಿಷ, ಒಂದು ನಿಮಿಷದ ಆಟಗಳು ಈಗ ಆ ಪದವನ್ನು ಮತ್ತೆ ಹಳೆಯ ಅರ್ಥದ ಕಡೆಗೆ ಎಳೆಯುತ್ತಿವೆ. ಎರಡೂ ಆಟದ ನಿಯಮದೊಳಗಿನವೇ. ಆದರೆ ಹೆಸರು ಒಂದೇ ಆಯಿತೆಂದು ಎರಡನ್ನೂ ಒಂದೇ ಎಂದು ನಂಬಿದರೆ ಆಟ ಕಲಿಯುವವರಿಗೆ ದೊಡ್ಡ ನಷ್ಟ.

ಕೊಡುವ ಅರ್ಥಕ್ಕೆ ಹೊಳಪು ತಂದದ್ದು ಹತ್ತೊಂಬತ್ತನೆಯ ಶತಮಾನದ ಆಟಗಾರರು. ಕಿಂಗ್ಸ್ ಗ್ಯಾಂಬಿಟ್‌ನಲ್ಲಿ ಬಿಳಿಯ ಕಡೆಯವನು ಎರಡನೆಯ ನಡೆಯಲ್ಲೇ ರಾಜನ ಬದಿಯ ಒಂಟೆಯ ಮುಂದಿರುವ ಕಾಲಾಳನ್ನು ಎರಡು ಮನೆ ಮುಂದಿಟ್ಟು ಒಪ್ಪಿಸುತ್ತಾನೆ. ಕಪ್ಪು ಅದನ್ನು ಹೊಡೆದರೆ ಅದರ ನಡುವಿನ ಕಾಲಾಳು ಪಕ್ಕಕ್ಕೆ ಸರಿಯುತ್ತದೆ. ಬಿಳಿಗೆ ಮಣೆಯ ಮಧ್ಯಭಾಗ ಸಲೀಸಾಗುತ್ತದೆ, ಆನೆಗೆ ಮುಂದೊಂದು ದಾರಿ ತೆರೆಯುತ್ತದೆ. ಬದಲಿಗೆ ತನ್ನ ರಾಜನ ಕಾವಲು ಸಡಿಲವಾಗುತ್ತದೆ. ಅಡಾಲ್ಫ್ ಆಂಡರ್ಸನ್ 1851ರಲ್ಲಿ ಲಂಡನ್ನಿನಲ್ಲಿ ಕೀಸೆರಿಟ್ಸ್‌ಕಿಯ ವಿರುದ್ಧ ಹೀಗೇ ಆರಂಭಿಸಿ, ಮುಂದೆ ಒಂದು ಒಂಟೆ, ಎರಡೂ ಆನೆ, ಕೊನೆಗೆ ರಾಣಿಯನ್ನೂ ಕೊಟ್ಟು ಗೆದ್ದ ಆಟ ‘ಅಮರ ಆಟ’ವೆಂದೇ ಹೆಸರಾಗಿದೆ. ಈ ಗ್ಯಾಂಬಿಟ್ ಸೋಲುವಂಥದ್ದೆಂದು ಸಾಧಿಸಲು ಬಾಬಿ ಫಿಷರ್ 1961ರಲ್ಲಿ ಲೇಖನವನ್ನೇ ಬರೆದರು. ಕೆಲವೇ ವರ್ಷಗಳಲ್ಲಿ ಮೂರನೆಯ ನಡೆಯನ್ನು ಬದಲಿಸಿ ತಾವೇ ಅದನ್ನು ಆಡಿ ಗೆದ್ದರು. ಹತ್ತೊಂಬತ್ತನೆಯ ಶತಮಾನದ ಇನ್ನೊಂದು ಆರಂಭ ಇವಾನ್ಸ್ ಗ್ಯಾಂಬಿಟ್. ಮೇಲ್ಮಟ್ಟದ ಸ್ಪರ್ಧೆಗಳಿಂದ ಅದು ಬಹುಪಾಲು ಮರೆಯಾಗಿದ್ದಾಗ, 1995ರಲ್ಲಿ ರಿಗಾದಲ್ಲಿ ಗ್ಯಾರಿ ಕಾಸ್ಪರೋವ್ ಅದನ್ನು ವಿಶ್ವನಾಥನ್ ಆನಂದ್ ಎದುರು ಹೂಡಿ ಇಪ್ಪತ್ತೈದು ನಡೆಗಳಲ್ಲಿ ಗೆದ್ದರು. ಕೊಟ್ಟ ಕಾಲಾಳಿಗೆ ಪೂರ್ತಿ ಬೆಲೆ ಬರುತ್ತದೆಯೇ ಎಂಬ ಚರ್ಚೆ ಈ ಆರಂಭಗಳ ಸುತ್ತ ಇಂದಿಗೂ ಇದೆ. ಆದರೆ ಕೊಟ್ಟವನಿಗೆ ಏನೋ ಒಂದು ಸಿಕ್ಕಿದೆ ಎಂಬುದರಲ್ಲಿ ಚರ್ಚೆಯಿಲ್ಲ.

ಇನ್ನು ಅಂತರ್ಜಾಲದಲ್ಲಿ ಹೆಚ್ಚು ಕಾಣುವ ಎಂಗ್ಲಂಡ್ ಗ್ಯಾಂಬಿಟ್ ನೋಡೋಣ. ಬಿಳಿ ತನ್ನ ರಾಣಿಯ ಕಾಲಾಳನ್ನು ಡಿ4ಕ್ಕೆ ತಂದ ಕೂಡಲೇ ಕಪ್ಪು ಇ5ರಲ್ಲಿ ಒಂದು ಕಾಲಾಳನ್ನು ಒಪ್ಪಿಸುತ್ತದೆ. ಬಿಳಿ ಅದನ್ನು ಹೊಡೆದು ಕುದುರೆಯನ್ನೂ ಒಂಟೆಯನ್ನೂ ಹೊರತಂದು ಕಾಪಾಡಿಕೊಳ್ಳುವಷ್ಟರಲ್ಲಿ ಕಪ್ಪು ರಾಣಿ ಇ7ರಿಂದ ಬಿ4ಕ್ಕೆ ಹಾರಿ ಚೆಕ್ ಕೊಡುತ್ತದೆ. ಒಂಟೆ ಹಿಂದೆ ಬಂದು ಅಡ್ಡ ನಿಂತಾಗ ರಾಣಿ ಬಿ2ರ ಕಾಲಾಳನ್ನು ಹೊಡೆಯುತ್ತದೆ. ಆಗ ಅದೇ ಒಂಟೆಯಿಂದ ಸಿ3ರಲ್ಲಿ ರಾಣಿಯನ್ನು ಅಟ್ಟುವುದು ಯಾರಿಗಾದರೂ ಮೊದಲು ಹೊಳೆಯುವ ನಡೆ. ಗುಂಡಿ ಇರುವುದು ಅಲ್ಲೇ. ಕಪ್ಪು ಒಂಟೆ ಬಿ4ಕ್ಕೆ ಬಂದರೆ ಬಿಳಿ ಆನೆಯನ್ನು ಕಳೆದುಕೊಳ್ಳಬೇಕು, ಇಲ್ಲವೇ ಎಂಟನೆಯ ನಡೆಯಲ್ಲೇ ಚೆಕ್‌ಮೇಟ್ ಆಗಬೇಕು. ಆದರೆ ಸಿ3ಕ್ಕೆ ಒಂಟೆಯ ಬದಲು ಕುದುರೆಯನ್ನು ತಂದರೆ ಕಪ್ಪಿನ ಆಟ ಕುಸಿಯುತ್ತದೆ: ದಾಳಿ ಇಲ್ಲ, ವೇಗ ಇಲ್ಲ, ರಾಣಿ ಶತ್ರುಗಳ ನಡುವೆ ಒಂಟಿ. ಎಂದರೆ ಇಡೀ ಆರಂಭ ನಿಂತಿರುವುದು ಎದುರಾಳಿಯ ಒಂದೇ ಒಂದು ತಪ್ಪಿನ ಮೇಲೆ. ಇಲ್ಲಿ ಕಾಲಾಳು ಕೊಟ್ಟದ್ದು ನೆಪ. ನಡೆದದ್ದು ಕಾಲು ಕೊಡುವ ಕೆಲಸ.

ಎರಡನ್ನೂ ಬೇರ್ಪಡಿಸಲು ಒಂದು ಪ್ರಶ್ನೆ ಸಾಕು: ಎದುರಾಳಿ ಸರಿಯಾದ ಉತ್ತರ ಕೊಟ್ಟ ಮೇಲೆ ಆಡಲು ಏನು ಉಳಿಯುತ್ತದೆ? ಈ ಪ್ರಶ್ನೆಯನ್ನು ಗೆದ್ದು ಬಂದ ಆರಂಭವೊಂದು ಚರಿತ್ರೆಯಲ್ಲೇ ಇದೆ. 1918ರಲ್ಲಿ ನ್ಯೂಯಾರ್ಕಿನಲ್ಲಿ ಫ್ರಾಂಕ್ ಮಾರ್ಷಲ್, ಕಾಪಾಬ್ಲಾಂಕಾ ಎದುರು ಸ್ಪ್ಯಾನಿಷ್ ಆರಂಭದಲ್ಲಿ ಕಾಲಾಳೊಂದನ್ನು ಕೊಟ್ಟು ಬಿರುಸಿನ ದಾಳಿಗಿಳಿದರು. ಕಾಪಾಬ್ಲಾಂಕಾ ಮಣೆಯ ಮುಂದೆ ಕುಳಿತೇ ರಕ್ಷಣೆ ಕಂಡುಕೊಂಡು ಗೆದ್ದರು. ಬರೀ ಗುಂಡಿಯಾಗಿದ್ದರೆ ಅದರ ಕಥೆ ಅಂದೇ ಮುಗಿಯಬೇಕಿತ್ತು. ಆದರೆ ಮಾರ್ಷಲ್ ದಾಳಿ ಇಂದಿಗೂ ಬಾಳುತ್ತಿದೆ. ಅದಕ್ಕೆ ಎಡೆ ಕೊಡಬಾರದೆಂದು ಜಗತ್ತಿನ ಮೊದಲ ಸಾಲಿನ ಆಟಗಾರರೇ ಬಿಳಿಯಿಂದ ಆಡುವಾಗ ಮೊದಲೇ ದಾರಿ ಬದಲಿಸುತ್ತಾರೆ. ಸೋತ ಆಟದಿಂದಲೂ ಬದುಕಿ ಬಂದದ್ದು ಆ ಗ್ಯಾಂಬಿಟ್‌ನ ಬಲಕ್ಕೆ ಪುರಾವೆ.

ಇದಕ್ಕೆ ಮೊದಲ ಆಕ್ಷೇಪ ಗಡಿಯಾರದ್ದು. ಬ್ಲಿಟ್ಜ್ ಎಂಬ ವೇಗದ ಆಟದಲ್ಲಿ ಸಮಯವೂ ಒಂದು ಸೊತ್ತು. ಎದುರಾಳಿ ಇಪ್ಪತ್ತು ಸೆಕೆಂಡು ತಲೆ ಕೆಡಿಸಿಕೊಂಡರೆ ಅದೇ ನನ್ನ ಗಳಿಕೆ. ಒಂದು ನಿಮಿಷದೊಳಗೆ ಯಾರೂ ಕಂಡುಹಿಡಿಯದ ಉತ್ತರ ಇದ್ದೂ ಇಲ್ಲದಂತೆ ಎಂಬುದು ಈ ವಾದ. ಇದರಲ್ಲಿ ಸತ್ಯವಿದೆ, ಪುರಾವೆಯೂ ಇದೆ. ಎರಿಕ್ ರೋಸೆನ್ ಜನಪ್ರಿಯಗೊಳಿಸಿದ ಸ್ಟಾಫರ್ಡ್ ಗ್ಯಾಂಬಿಟ್‌ನಲ್ಲಿ ಬಿಳಿಗೆ ಸ್ಪಷ್ಟ ಮೇಲುಗೈ ಇದೆಯೆಂದು ಕಂಪ್ಯೂಟರ್ ತೋರಿಸುತ್ತದೆ. ಹಾಗಿದ್ದೂ ಹವ್ಯಾಸಿಗಳ ವೇಗದ ಆಟಗಳಲ್ಲಿ ಕಪ್ಪು ಗೆಲ್ಲುತ್ತಲೇ ಇರುತ್ತದೆ. ಹಾಗಾಗಿ ‘ಗಟ್ಟಿಯಿಲ್ಲದ್ದು’ ಎಂಬ ತೀರ್ಪು ಎಲ್ಲ ಗಡಿಯಾರಗಳಿಗೂ ಒಂದೇ ಅಲ್ಲವೆಂದು ಒಪ್ಪಲೇಬೇಕು. ಆದರೆ ಆ ಗೆಲುವುಗಳು ಗ್ಯಾಂಬಿಟ್‌ನ ಬಲವನ್ನು ಅಳೆಯುವುದಿಲ್ಲ, ಅದನ್ನು ಅರಿಯದವರು ಎಷ್ಟಿದ್ದಾರೆ ಎಂಬುದನ್ನು ಅಳೆಯುತ್ತವೆ. ರೇಟಿಂಗ್ ವ್ಯವಸ್ಥೆ ಗೆದ್ದವನನ್ನು ಮೇಲೇರಿಸಿ ಬಲ್ಲವರ ಎದುರು ಕೂರಿಸುತ್ತದೆ. ಅಲ್ಲಿ ಉತ್ತರ ಮೊದಲೇ ಬಾಯಿಪಾಠವಾಗಿರುತ್ತದೆ, ಅದಕ್ಕೆ ಬೇಕಾಗುವುದು ಎರಡು ಸೆಕೆಂಡು. ಕಾಲಾಳೂ ಹೋಯಿತು, ಗಡಿಯಾರದ ಲಾಭವೂ ಹೋಯಿತು.

ಇನ್ನೊಂದು ಆಕ್ಷೇಪ ಮಿಖೈಲ್ ತಾಲ್ ಹೆಸರಿನಲ್ಲಿ ಬರುತ್ತದೆ. 1960ರಲ್ಲಿ ಬೊತ್ವಿನ್ನಿಕ್‌ರನ್ನು ಸೋಲಿಸಿ ವಿಶ್ವ ಚಾಂಪಿಯನ್ ಆದ ತಾಲ್, ಅದೇ ಪಂದ್ಯಾವಳಿಯ ಆರನೆಯ ಆಟದಲ್ಲಿ ಕುದುರೆಯೊಂದನ್ನು ಬಲಿಕೊಟ್ಟರು. ಆ ಬಲಿಗೆ ತಕ್ಕ ಉತ್ತರವಿತ್ತೆಂದು ವಿಶ್ಲೇಷಕರು ಆಮೇಲೆ ತೋರಿಸಿದರು. ತಾಲ್‌ಗೆ ಒಪ್ಪುವುದು ನಮಗೇಕೆ ಒಪ್ಪದು ಎಂದು ಕೇಳುವವರಿದ್ದಾರೆ. ವ್ಯತ್ಯಾಸ ದೊಡ್ಡದು. ತಾಲ್ ಕೊಟ್ಟ ಬಲಿಯ ನಂತರ ಎದುರಾಳಿ ಒಂದು ಸರಿಯಾದ ನಡೆ ಕಂಡುಕೊಂಡರೆ ಸಾಲುತ್ತಿರಲಿಲ್ಲ. ಪ್ರತಿ ನಡೆಗೂ ಹೊಸ ಕಷ್ಟ ಎದುರಾಗುತ್ತಿತ್ತು, ಅದನ್ನು ಒಡ್ಡಲು ತಾಲ್ ಕೂಡ ಪ್ರತಿ ನಡೆಯಲ್ಲೂ ಹೊಸದಾಗಿ ಯೋಚಿಸಬೇಕಿತ್ತು. ಬಾಯಿಪಾಠದ ಗುಂಡಿಯಲ್ಲಿ ಯೋಚನೆಯ ಭಾರವೆಲ್ಲ ಎದುರಾಳಿಯದು. ತೋಡಿದವನು ಏನನ್ನೂ ಕಾಣಬೇಕಿಲ್ಲ, ಹಾಗಾಗಿ ಗೆದ್ದರೂ ಏನನ್ನೂ ಕಲಿಯುವುದಿಲ್ಲ. ಎಂಟು ನಡೆಗಳಲ್ಲಿ ಮುಗಿದ ಆಟ ಮಧ್ಯದಾಟವನ್ನೂ ಕೊನೆಯಾಟವನ್ನೂ ಕಲಿಸುವುದು ಹೇಗೆ?

ಗೆಲುವಿನ ಖುಷಿಗಾಗಿ ಆಡುವವರನ್ನು ತಡೆಯಬೇಕೆಂದು ನಾನು ಹೇಳುತ್ತಿಲ್ಲ. ಗುಂಡಿಗಳನ್ನು ಅರಿತಿರುವುದು ಒಳ್ಳೆಯದೇ. ಬೀಳದಿರುವುದಕ್ಕಾದರೂ ಅದು ಬೇಕು. ನನ್ನ ಬೇಡಿಕೆ ಹೆಸರಿನ ಬಗ್ಗೆ. ರಾಜಕೀಯ ವರದಿಗಳಲ್ಲೂ ಯಾವ ಚತುರ ನಡೆಯನ್ನಾದರೂ ಗ್ಯಾಂಬಿಟ್ ಎಂದು ಕರೆಯುವ ರೂಢಿ ಇದೆ. ಕೊಟ್ಟದ್ದೇನು, ಪಡೆದದ್ದೇನು ಎಂಬ ಲೆಕ್ಕವೇ ಅಲ್ಲಿ ಮಾಯ. ಕನ್ನಡದಲ್ಲಿ ಬಲೆ ಎಂಬ ಮಾತಿದೆ, ತಂತ್ರ, ಪಟ್ಟು ಎಂಬ ಮಾತುಗಳಿವೆ. ಎದುರಾಳಿಯ ಅಜ್ಞಾನವೊಂದನ್ನೇ ನೆಚ್ಚಿದ ನಡೆಗೆ ಅವು ಸಾಕು. ತಾನು ಕೊಟ್ಟದ್ದರ ಬೆಲೆ ಬಲ್ಲವನು, ಎದುರಾಳಿಯೂ ಎಲ್ಲವನ್ನೂ ಬಲ್ಲನೆಂದುಕೊಂಡೇ ಇಡುವ ನಡೆಗೆ ಗ್ಯಾಂಬಿಟ್ ಎಂಬ ಹೆಸರನ್ನು ಉಳಿಸಿಕೊಳ್ಳಬೇಕು. ಆಟ ಕಲಿಸುವವರು ಪ್ರತಿ ಚುರುಕು ಗೆಲುವಿನ ನಂತರ ಮಕ್ಕಳ ಮುಂದೆ ಸರಿಯಾದ ಉತ್ತರವನ್ನು ಮಣೆಯ ಮೇಲಿಟ್ಟು, ಅಲ್ಲಿಂದ ಮುಂದಕ್ಕೆ ಆಡಿಸಬೇಕು. ಆ ನೆಲೆಯಿಂದಲೂ ಹೋರಾಡಲು ದಾರಿ ಕಂಡ ಮಗು ಗ್ಯಾಂಬಿಟ್ ಆಡಲು ಕಲಿತಿದೆ ಎಂದರ್ಥ.