ಶಿಂಗ್‌ಜ್ವಾನ್

ಚೀನಾದ ತಾಂಗ್ ರಾಜವಂಶದ ಕಾಲದಲ್ಲಿ (618–907) ಜಿನ್‌ಶಿ ಎಂಬ ಉನ್ನತ ಪರೀಕ್ಷೆಗೆ ಕೂರುವವರು ತಮ್ಮ ಪದ್ಯಗದ್ಯಗಳನ್ನು ಸುರುಳಿಗಳಲ್ಲಿ ಬರೆದು, ಪ್ರಭಾವಿ ಅಧಿಕಾರಿಗಳಿಗೂ ಹೆಸರಾಂತ ಸಾಹಿತಿಗಳಿಗೂ ಮುಂಚಿತವಾಗಿ ಒಪ್ಪಿಸುತ್ತಿದ್ದ ಪದ್ಧತಿ. ಕೆಲವು ದಿನ ಬಿಟ್ಟು ಮತ್ತೆ ಕೃತಿ ಕಳುಹಿಸಿ ನೆನಪಿಸುವುದಕ್ಕೆ ವೆನ್‌ಜ್ವಾನ್, ಅಂದರೆ ‘ಸುರುಳಿ ಬೆಚ್ಚಗಾಗಿಸುವುದು’ ಎಂದು ಹೆಸರು. ಜಿನ್‌ಶಿಯಲ್ಲಿ ವರ್ಷಕ್ಕೆ ತೇರ್ಗಡೆಯಾಗುತ್ತಿದ್ದವರು ಸುಮಾರು 20–30 ಮಂದಿ ಮಾತ್ರ. ಉತ್ತರಪತ್ರಿಕೆಯಲ್ಲಿ ಹೆಸರು ಸಾಮಾನ್ಯವಾಗಿ ಕಾಣುವಂತೆಯೇ ಇರುತ್ತಿದ್ದುದರಿಂದ ಅಭ್ಯರ್ಥಿಯ ಕೀರ್ತಿ, ಹಿರಿಯರ ಶಿಫಾರಸುಗಳೂ ತೂಕ ಪಡೆದವು.

ಇದರ ಅತಿ ಸೊಗಸಾದ ನಿದರ್ಶನ, ಅಭ್ಯರ್ಥಿ ಜು ಚಿಂಗ್‌ಯು, ಕವಿ ಜಾಂಗ್ ಜಿಗೆ ಕಳುಹಿಸಿದ ಕಿರುಗವಿತೆ. ಅತ್ತೆಮಾವಂದಿರಿಗೆ ನಮಸ್ಕರಿಸಲು ಹೊರಟ ನವವಧು, ತಾನು ತೀಡಿದ ಹುಬ್ಬು ಈಗಿನ ರೂಢಿಗೆ ಒಪ್ಪುವುದೇ ಎಂದು ಗಂಡನನ್ನು ಮೆಲ್ಲಗೆ ಕೇಳುತ್ತಾಳೆ. ವಧು ಅಭ್ಯರ್ಥಿ, ಗಂಡ ಜಾಂಗ್ ಜಿ, ಅತ್ತೆಮಾವ ಪರೀಕ್ಷಾಧಿಕಾರಿ. ಪರೀಕ್ಷೆಯ ಮಾತೇ ಕವಿತೆಯ ಸಾಲುಗಳಲ್ಲಿಲ್ಲ. 828ರಲ್ಲಿ ತೇರ್ಗಡೆಯಾದ ಕವಿ ಡು ಮು, ಅಫಾಂಗ್ ಅರಮನೆಯನ್ನು ಕುರಿತ ತನ್ನ ಕೃತಿಯನ್ನು ಹಿರಿಯ ವಿದ್ವಾಂಸನೊಬ್ಬ ಪರೀಕ್ಷಾಧಿಕಾರಿಗೆ ಓದಿಹೇಳಿದ್ದರಿಂದ ಐದನೆಯ ಸ್ಥಾನ ಪಡೆದನೆಂದು ಪ್ರತೀತಿ.

ಊರಿನಿಂದ ಬಂದ ಅಪರಿಚಿತ ಪ್ರತಿಭೆಗೆ ಈ ಪದ್ಧತಿ ರಾಜಧಾನಿ ಚಾಂಗ್‌ಆನ್‌ನ ಬಾಗಿಲು ತೆರೆಯಿತು. ಪ್ರಭಾವಿಗಳ ಪರಿಚಯವೇ ದೊರೆಯದವನಿಗೆ ಅದೇ ಬಾಗಿಲನ್ನು ಮುಚ್ಚಿತು ಕೂಡ. ಮುಂದೆ ಸೊಂಗ್ ರಾಜವಂಶದ ಕಾಲದಲ್ಲಿ, 11ನೆಯ ಶತಮಾನದ ಆರಂಭದ ಹೊತ್ತಿಗೆ, ಹೆಸರು ಮುಚ್ಚುವ ಹಾಗೂ ಕೈಬರಹ ಗುರುತು ಸಿಗದಂತೆ ಗುಮಾಸ್ತರಿಂದ ನಕಲು ಮಾಡಿಸುವ ನಿಯಮಗಳು ನೆಲೆಗೊಂಡು ಪದ್ಧತಿ ಕ್ಷೀಣಿಸಿತು.