ಶರೀಫರ ಮಾಳಿಗೆ, ರಘು ದೀಕ್ಷಿತ್ ಆಲ್ಬಂ: ಒಂದು ತಪ್ಪು ಓದಿನ ಸುತ್ತ

ರಘು ದೀಕ್ಷಿತ್ ಅವರ ಮೊದಲ ಆಲ್ಬಂ (2008) ಕುರಿತು ಬೇಲೂರು ಕಡೆಯ ಹಿರಿಯ ಅಧ್ಯಾಪಕರೊಬ್ಬರು ಮಂಡಿಸಿದ ಪ್ರಬಂಧ ನಮ್ಮ ಜಿಲ್ಲೆಯ ವಿಚಾರ ಸಂಕಿರಣಗಳಲ್ಲಿ ಪ್ರಮಾಣವಾಕ್ಯದಂತೆ ಓಡಾಡುತ್ತಿದೆ. ಅದರ ಮುಖ್ಯ ವಾದಗಳು ಎರಡು. ಆಲ್ಬಂನಲ್ಲಿರುವ ಶಿಶುನಾಳ ಶರೀಫರ ಎರಡು ಪದಗಳು ಕನ್ನಡ ಕೇಳುಗರ ಸಮಾಧಾನಕ್ಕೆ ಸೇರಿಸಿದ ಭರ್ತಿ ಸಾಮಾನು ಎಂಬುದು ಒಂದು. ‘ಸೋರುತಿಹುದು ಮನಿಯ ಮಾಳಿಗಿ’ ಸಿರಿವಂತರ ಮಹಡಿ ಮನೆಯ ಲೇವಡಿ, ಆದ್ದರಿಂದಲೇ ಅದು ರಾಕ್ ಸಂಗೀತದ ಬಂಡಾಯಕ್ಕೆ ಒಗ್ಗಿತು ಎಂಬುದು ಇನ್ನೊಂದು.

ಮೊದಲನೆಯದಕ್ಕೆ ಹೆಚ್ಚು ಹೊತ್ತು ಬೇಡ. ಆಲ್ಬಂನಲ್ಲಿರುವುದು ಎಂಟು ಹಾಡು: ಐದು ಹಿಂದಿ, ಒಂದು ಇಂಗ್ಲಿಷ್, ಎರಡು ಕನ್ನಡ. ಕನ್ನಡದ ಎರಡೂ ಶರೀಫರವೇ. ಹೊರತಂದವರು ಮುಂಬೈಯ ವಿಶಾಲ್–ಶೇಖರ್. ಕನ್ನಡದ ಮಾರುಕಟ್ಟೆಯೇ ಗುರಿಯಾಗಿದ್ದರೆ ಸುಲಭದ ಪ್ರೇಮಗೀತೆಯೊಂದನ್ನು ಬರೆಸಬಹುದಿತ್ತು. ಒಡಲ ರೋಗಕ್ಕೆ ಗುಡುಗುಡಿಯ ಚಿಕಿತ್ಸೆ ಹೇಳುವ ತತ್ವಪದ ಯಾರ ಮಾರುಕಟ್ಟೆ ಲೆಕ್ಕಕ್ಕೂ ಕೂಡಿಬರುವಂಥದ್ದಲ್ಲ. ಸಾಲದ್ದಕ್ಕೆ 2013ರ ‘ಜಗ್ ಚಂಗಾ’ದಲ್ಲೂ ಅವರು ಶರೀಫರ ‘ಲೋಕದ ಕಾಳಜಿ’ಗೇ ಮರಳಿದರು. ಭರ್ತಿ ಸಾಮಾನನ್ನು ಐದು ವರ್ಷ ಬಿಟ್ಟು ಯಾರೂ ಮತ್ತೆ ಹುಡುಕಿಕೊಂಡು ಹೋಗುವುದಿಲ್ಲ.

ಎರಡನೆಯ ವಾದ ಹಾಗೆ ಬಿಡುವಂಥದ್ದಲ್ಲ. ಅದು ತಪ್ಪಾದರೆ ಆಲ್ಬಂ ಬಗ್ಗೆ ಆ ಪ್ರಬಂಧ ಕಟ್ಟಿದ ಮಿಕ್ಕೆಲ್ಲ ಮಾತೂ ಕುಸಿಯುತ್ತದೆ.

ಪದದೊಳಗೆ ಏನಿದೆ ಎಂಬುದನ್ನು ನೋಡೋಣ. ಮನೆ ಸೋರುತ್ತಿದೆ. ಅದಕ್ಕೆ ಕಾರಣ ಅಜ್ಞಾನ ಎಂದು ಶರೀಫರು ಮೊದಲಲ್ಲೇ ಹೇಳಿಬಿಡುತ್ತಾರೆ. ಸೋರುವುದನ್ನು ನಿಲ್ಲಿಸುವವರು ಯಾರೂ ಇಲ್ಲ, ಹೊರಗೆ ಕಗ್ಗತ್ತಲು, ಹಾಡುವವನಿಗೆ ಮೇಲೆ ಹತ್ತಿ ಹೋಗುವ ಧೈರ್ಯವಿಲ್ಲ. ಮುಂದೆ ಮುರುಕು ತೊಲೆ, ಹುಳುಕು ಜಂತಿ, ಸಡಿಲಿದ ಕೀಲು ಸಾಲಾಗಿ ಬರುತ್ತವೆ. ಪ್ರಬಂಧಕಾರರು ಈ ಸಾಮಾನುಗಳನ್ನೆಲ್ಲ ಒಂದೇ ವಾಕ್ಯದಲ್ಲಿ ‘ಶಿಥಿಲತೆಯ ರೂಪಕ’ ಎಂದು ಮುಗಿಸಿ ಮಹಡಿಗೆ ಜಿಗಿದಿದ್ದಾರೆ. ಆದರೆ ಮಹಡಿ ಸೋರಿದರೆ ಕತ್ತಲೆಗೆ ಅಂಜಬೇಕೇಕೆ? ಮಹಡಿಗೆ ಒಳಗಿನಿಂದಲೇ ಮೆಟ್ಟಿಲಿರುತ್ತದೆ, ದೀಪ ಹಿಡಿದು ಹತ್ತಿದರಾಯಿತು. ಮಳೆಯಲ್ಲಿ, ರಾತ್ರಿಯಲ್ಲಿ, ಹೊರಗಿನಿಂದ ಹತ್ತಬೇಕಾದದ್ದು ಮಣ್ಣಿನ ಮಾಳಿಗೆಗೆ.

ಅರಸೀಕೆರೆ ತಾಲ್ಲೂಕಿನ ಕಣಕಟ್ಟೆ, ಬಾಣಾವರದ ಕಡೆ ಹಳೆಯ ಮಾಳಿಗೆ ಮನೆಗಳು ಇನ್ನೂ ಅಲ್ಲೊಂದು ಇಲ್ಲೊಂದು ಉಳಿದಿವೆ. ಅಂಥ ಮನೆಯ ನಡುಮನೆಯಲ್ಲಿ ನಿಂತು ತಲೆ ಎತ್ತಿದರೆ ಶರೀಫರು ಹೇಳಿದ ಪಟ್ಟಿ ಹಾಗೆ ಹಾಗೇ ಕಾಣುತ್ತದೆ. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಅಡ್ಡಡ್ಡ ಜಂತಿ, ಜಂತಿಯ ಮೇಲೆ ಸೀಳಿದ ಚಕ್ಕೆ, ಅದರ ಮೇಲೆ ಸೊಪ್ಪು ಹಾಸಿ ಮಣ್ಣು, ಎಲ್ಲಕ್ಕಿಂತ ಮೇಲೆ ನೀರು ಇಳಿಯಗೊಡದ ಕರಲು ಮಣ್ಣು. (ನಮ್ಮಲ್ಲಿ ಜಂತಿಗೆ ತೆಂಗಿನ ಮರವನ್ನೇ ಸೀಳಿ ಹಾಕಿದ್ದೂ ಉಂಟು, ಹುಳುಕು ಬೇಗ ಹಿಡಿಯುತ್ತದೆ.) ವರ್ಷಕ್ಕೊಮ್ಮೆ ಮಳೆಗಾಲಕ್ಕೆ ಮುಂಚೆ ಯಾರಾದರೂ ಏಣಿ ಹಾಕಿ ಹತ್ತಿ, ಹೊಸ ಮಣ್ಣು ಹರವಿ, ತುಳಿದು ಗಟ್ಟಿ ಮಾಡಲೇಬೇಕು. ಒಂದು ವರ್ಷ ತಪ್ಪಿದರೆ ಸೋನೆ ಮಳೆಗೆ ಮನೆಯೆಲ್ಲ ತೊಟ್ಟಿಕ್ಕುತ್ತದೆ, ಪಾತ್ರೆಗಳನ್ನು ಸಾಲಾಗಿ ಇಟ್ಟು ರಾತ್ರಿ ಕಳೆಯಬೇಕು. ಇದು ಬಡವರದೂ ಹೌದು, ಉಳ್ಳವರದೂ ಹೌದು, ಬಯಲುಸೀಮೆಯ ಎಲ್ಲರ ಮನೆ.

ಶರೀಫರು ಹಾವೇರಿ ಕಡೆಯವರು, ಅರಸೀಕೆರೆಯ ಮಾಳಿಗೆ ಅಲ್ಲಿಗೇಕೆ ಎಂಬ ಆಕ್ಷೇಪ ಬರಬಹುದು. ಧಾರವಾಡ ಸೀಮೆಯಲ್ಲೂ ‘ಮ್ಯಾಳಗಿ’ ಎಂದರೆ ಇದೇ ಮಣ್ಣಿನ ಚಾವಣಿ. ಅಲ್ಲಿಂದ ಚಿತ್ರದುರ್ಗದ ಮೇಲೆ ನಮ್ಮ ತಾಲ್ಲೂಕಿನವರೆಗೆ ಒಣ ಬಯಲು ಎಲ್ಲೆಲ್ಲಿ ಹಬ್ಬಿದೆಯೋ ಅಲ್ಲೆಲ್ಲ ಈ ಕಟ್ಟಾಣಿಕೆ ಹಬ್ಬಿದೆ. ಹಳೇಬೀಡು ದಾಟಿ ಬೇಲೂರಿಗೆ ಹೋದಂತೆ ಮಳೆ ಹೆಚ್ಚಿ ಚಾವಣಿ ಇಳಿಜಾರಾಗುತ್ತದೆ, ಹೆಂಚು ಬರುತ್ತದೆ. ಹೆಂಚಿನ ಮನೆಯಲ್ಲಿ ಹುಟ್ಟಿ ಬೆಳೆದ ವಿದ್ವಾಂಸರಿಗೆ ಮಾಳಿಗೆ ಎಂದರೆ ಮಹಡಿಯೇ ನೆನಪಾಗುವುದು ಸಹಜ. ಸಹಜ ಎಂದ ಮಾತ್ರಕ್ಕೆ ಕ್ಷಮ್ಯ ಎಂದು ನಾನು ಹೇಳುತ್ತಿಲ್ಲ. ಬೇಲೂರಿನಿಂದ ಅರಸೀಕೆರೆಗೆ ದಿನವಿಡೀ ಬಸ್ಸಿದೆ.

ಈ ಮಾಳಿಗೆ ಸರಿಯಾಗಿ ಕಂಡರೆ ಪದದ ದಿಕ್ಕೇ ಬದಲಾಗುತ್ತದೆ. ಅಲ್ಲಿ ಯಾರ ಲೇವಡಿಯೂ ಇಲ್ಲ. ಸೋರುತ್ತಿರುವುದು ಹಾಡುವವನದೇ ಮನೆ, ಅವನದೇ ದೇಹ. ದುರಸ್ತಿಗೆ ಹತ್ತಬೇಕಾದವನೂ ಅವನೇ, ಹತ್ತಲಾರದವನೂ ಅವನೇ. ಹಾಗಿರುವಾಗ ರಘು ದೀಕ್ಷಿತ್ ಅವರ ಧ್ವನಿಯಲ್ಲಿ ‘ಬಂಡಾಯ’ವನ್ನು ಕೇಳಿಸಿಕೊಳ್ಳುವುದು ಹಾಡನ್ನು ಕೇಳಿದಂತಲ್ಲ, ಪಂಚೆ ಉಟ್ಟು ಗಿಟಾರ್ ಹಿಡಿದ ಗಾಯಕನ ವೇಷ ಕಂಡು ತೀರ್ಪು ಕೊಟ್ಟಂತೆ. ಅವರು ಹಾಡಿರುವುದು ಅಳಲನ್ನು.

ಆಲ್ಬಂ ಇಷ್ಟು ವರ್ಷ ಬಾಳಿದ್ದಕ್ಕೆ ಗಿಟಾರು, ಪಿಟೀಲುಗಳ ಹೊಂದಾಣಿಕೆಯೇ ಕಾರಣ ಎಂದು ಬರೆಯುವವರಿದ್ದಾರೆ. ಅದು ಸ್ವಲ್ಪ ಮಟ್ಟಿಗೆ ನಿಜ. ಆದರೆ ತತ್ವಪದದ ಕಟ್ಟಿನೊಳಗೇ ಒಂದು ಉಪಾಯವಿದೆ, ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಪಲ್ಲವಿ ಚಿಕ್ಕದು, ಒಮ್ಮೆ ಕೇಳಿದರೆ ಬಾಯಿಗೆ ಬರುತ್ತದೆ. ಚರಣ ಉದ್ದ, ಅದು ಬಲ್ಲವನ ಪಾಲು. ನಮ್ಮ ಕಡೆ ಹುಣ್ಣಿಮೆ ಭಜನೆಯಲ್ಲಿ ಮುಂದಾಳು ಚರಣ ಎತ್ತಿಕೊಂಡರೆ ಉಳಿದವರು ತಾಳ ಕುಟ್ಟುತ್ತ ಪಲ್ಲವಿಗೆ ಬಂದು ಸೇರುವುದು ಹೀಗೆಯೇ. ರಘು ದೀಕ್ಷಿತ್ ವೇದಿಕೆಯ ಮೇಲಿಂದ ಜನರ ಬಾಯಲ್ಲಿ ಪಲ್ಲವಿ ಹಾಡಿಸುವುದೂ ಇದೇ ಕ್ರಮ. ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮ (2010), ಸಾಂಗ್‌ಲೈನ್ಸ್ ಪತ್ರಿಕೆಯ ಹೊಸ ಕಲಾವಿದ ಪ್ರಶಸ್ತಿ (2011) ಇವೆಲ್ಲ ಆಮೇಲಿನ ಮಾತು. ಕನ್ನಡ ಅರಿಯದವರೂ ಅವರೊಡನೆ ಹಾಡುವಂತಾದದ್ದು ಹಿಮ್ಮೇಳಕ್ಕೆ ಜಾಗವಿಟ್ಟ ಈ ಕಟ್ಟಿನಿಂದ.

ಇಲ್ಲಿ ಇನ್ನೊಂದು ಹೆಸರನ್ನು ಎತ್ತದೆ ಮುಂದೆ ಹೋಗುವುದು ಅಪಚಾರ. ಈ ಆಲ್ಬಂ ಶರೀಫರನ್ನು ‘ಪತ್ತೆಹಚ್ಚಿತು’ ಎನ್ನುವವರು ಸಿ. ಅಶ್ವಥ್ ಅವರನ್ನು ಮರೆತೇಬಿಡುತ್ತಾರೆ. ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರ ಒತ್ತಾಸೆಯಿಂದ ಅಶ್ವಥ್ ಈ ಪದಗಳಿಗೆ ರಾಗ ಹಾಕಿದರು, ಶಿವಮೊಗ್ಗ ಸುಬ್ಬಣ್ಣ ಕ್ಯಾಸೆಟ್ಟುಗಳಲ್ಲಿ ಹಾಡಿದರು, 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರ ಬಂತು. ದಕ್ಷಿಣ ಕರ್ನಾಟಕದ ಮನೆಮನೆಗೆ ಶರೀಫರು ಬಂದದ್ದು ಆ ದಾರಿಯಲ್ಲಿ. ಅಶ್ವಥ್ ಹುಟ್ಟಿದ್ದು ನಮ್ಮ ಜಿಲ್ಲೆಯ ಚನ್ನರಾಯಪಟ್ಟಣದಲ್ಲಿ, ಆದ್ದರಿಂದ ನನ್ನದು ಪಕ್ಷಪಾತ ಎಂದು ಯಾರಾದರೂ ಅಂದರೆ ಅನ್ನಲಿ. ರಘು ದೀಕ್ಷಿತ್ ಅಶ್ವಥ್‌ರ ಧಾಟಿಯನ್ನು ಹಿಡಿಯದೆ ತಮ್ಮದೇ ಧಾಟಿ ಹೊಸೆದರು, ಅದು ಅವರ ಹೆಚ್ಚುಗಾರಿಕೆ. ಆದರೆ ಮೈಸೂರಿನಲ್ಲಿ ಬೆಳೆದ ಹುಡುಗನ ಕಿವಿಗೆ ಶರೀಫರು ಬಿದ್ದ ಕಾಲ ಯಾವುದು ಎಂಬುದನ್ನು ಲೆಕ್ಕ ಹಾಕದೆ ‘ಪತ್ತೆ’ಯ ಮಾತಾಡಬಾರದು.

ಹಾಗೆಯೇ, ಈ ಆಲ್ಬಂ ಒಂದೇ ನಮ್ಮ ಊರುಗಳಲ್ಲಿ ಅವರ ಹೆಸರು ಎಬ್ಬಿಸಿತು ಎಂಬ ಮಾತನ್ನೂ ಸ್ವಲ್ಪ ಬಿಗಿ ಹಿಡಿಯಬೇಕು. ಅದೇ 2008ರಲ್ಲಿ ಅವರ ಸಂಗೀತವಿದ್ದ ‘ಸೈಕೋ’ ಚಿತ್ರ ಬಂತು, ಅದರ ಮಹದೇಶ್ವರನ ಹಾಡು ಊರೂರ ಆರ್ಕೆಸ್ಟ್ರಾಗಳಿಗೆ ಏರಿತು. ಅರಸೀಕೆರೆ, ಹಳೇಬೀಡಿನ ಗಣಪತಿ ಪೆಂಡಾಲುಗಳಲ್ಲಿ ಜನ ಕೇಳಿ ಕೇಳಿ ಹಾಡಿಸಿದ್ದು ಆ ಹಾಡನ್ನು. ಶರೀಫರ ಪದಗಳ ಸರದಿ ಬಂದದ್ದು ಅದರ ಹಿಂದೆ. ಇಪ್ಪತ್ತು ಪುಟಗಳ ಆ ಪ್ರಬಂಧದಲ್ಲಿ ‘ಸೈಕೋ’ದ ಹೆಸರು ಒಂದು ಸಲವೂ ಬರುವುದಿಲ್ಲ.